ಲೂಪಸ್ ಇದ್ದವರ ಎದೆನೋವು: ‘ಗ್ಯಾಸ್’ ಎಂದು ಅಲಕ್ಷ್ಯ ಸಲ್ಲದು

ಮೂವತ್ತೈದು-ನಲ್ವತ್ತರ ಹರೆಯದ ಮಹಿಳೆ ಎದೆನೋವು ಎಂದರೆ ಮನೆಮಂದಿಯ ಮೊದಲ ಮಾತು, ‘ಗ್ಯಾಸ್ ಇರಬೇಕು, ಜೀರಿಗೆ ಕಷಾಯ ಕುಡಿ’. ಆ ವಯಸ್ಸಿನ ಹೆಂಗಸರಿಗೆ ಹೃದಯಾಘಾತ ಆಗುವುದಿಲ್ಲ ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿದೆ. ಆದರೆ ಆಕೆಗೆ ಲೂಪಸ್ ಕಾಯಿಲೆ ಇದ್ದರೆ ಈ ನಂಬಿಕೆ ಪ್ರಾಣಕ್ಕೇ ಎರವಾದೀತು.

ರೋಗಾಣುಗಳಿಂದ ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ದೇಹದ ಮೇಲೆ ಎರಗುವ ಕಾಯಿಲೆ ಲೂಪಸ್. ಗಂಟುನೋವು, ಕೆನ್ನೆಯ ಮೇಲೆ ಚಿಟ್ಟೆಯಾಕಾರದ ಕೆಂಪು, ಕೂದಲು ಉದುರುವುದು, ಬಿಡದ ಆಯಾಸ ಇದರ ಲಕ್ಷಣಗಳು. ರೋಗಿಗಳ ಪೈಕಿ ಹತ್ತರಲ್ಲಿ ಒಂಬತ್ತು ಮಂದಿ ಮಹಿಳೆಯರು. ಇದು ಮೂತ್ರಪಿಂಡವನ್ನು ಕೆಡಿಸುತ್ತದೆ ಎಂಬುದು ಹಲವರಿಗೆ ಗೊತ್ತು. ರಕ್ತನಾಳಗಳನ್ನೂ ಬಿಡುವುದಿಲ್ಲ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಇದನ್ನು 1976ರಲ್ಲೇ ಎತ್ತಿ ತೋರಿಸಿದವರು ಕೆನಡಾದ ಟೊರಾಂಟೊ ನಗರದ ಡಾ. ಮುರ್ರೆ ಯುರೋವಿಟ್ಜ್ ಮತ್ತು ಸಂಗಡಿಗರು. ಲೂಪಸ್ ರೋಗಿಗಳು ಆರಂಭದ ವರ್ಷಗಳಲ್ಲಿ ಕಾಯಿಲೆಯ ತೀವ್ರತೆ ಹಾಗೂ ಸೋಂಕಿನಿಂದ ಸಾಯುತ್ತಿದ್ದರೆ, ಅದನ್ನು ದಾಟಿ ಬದುಕಿದವರನ್ನು ಹೃದಯಾಘಾತ ಕಾಡುತ್ತಿತ್ತು. 1997ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಅಧ್ಯಯನದ ಪ್ರಕಾರ, 35ರಿಂದ 44 ವಯಸ್ಸಿನ ಲೂಪಸ್ ಮಹಿಳೆಯರಿಗೆ ಹೃದಯಾಘಾತದ ಸಾಧ್ಯತೆ ಅದೇ ವಯಸ್ಸಿನ ಇತರ ಮಹಿಳೆಯರಿಗಿಂತ 50 ಪಟ್ಟಿಗೂ ಹೆಚ್ಚು. ಆ ವಯಸ್ಸಿನಲ್ಲಿ ಹೃದಯಾಘಾತವೇ ಅಪರೂಪವಾದ್ದರಿಂದ ಗಾಬರಿ ಬೇಕಿಲ್ಲ, ಎಚ್ಚರ ಮಾತ್ರ ಬೇಕು. 2003ರಲ್ಲಿ ನ್ಯೂಯಾರ್ಕ್‌ನ ವೈದ್ಯರು 197 ರೋಗಿಗಳ ಕುತ್ತಿಗೆಯ ರಕ್ತನಾಳ ಪರೀಕ್ಷಿಸಿದಾಗ ಶೇ. 37 ಮಂದಿಯಲ್ಲಿ ಕೊಬ್ಬು ಕಟ್ಟಿಕೊಂಡಿತ್ತು. ಲೂಪಸ್ ಇಲ್ಲದವರಲ್ಲಿ ಈ ಪ್ರಮಾಣ ಶೇ. 15.

ಕಾರಣ ಒಂದೇ ಅಲ್ಲ. ವರ್ಷಗಟ್ಟಲೆ ಉಳಿಯುವ ಉರಿಯೂತವು ರಕ್ತನಾಳದ ಒಳಪದರವನ್ನು ಸವೆಸುತ್ತದೆ. ಕಾಯಿಲೆ ಹತೋಟಿಗೆ ಕೊಡುವ ಸ್ಟಿರಾಯ್ಡ್ ಪ್ರಮಾಣ ಹೆಚ್ಚಾದರೆ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಏರುತ್ತವೆ. ಮೂತ್ರಪಿಂಡದ ತೊಂದರೆಯೂ ಸೇರಿಕೊಳ್ಳುತ್ತದೆ. ಕೆಲವರ ರಕ್ತದಲ್ಲಿ ಹೆಪ್ಪುಗಟ್ಟಿಸುವ ಪ್ರತಿಕಾಯಗಳಿರುತ್ತವೆ. ಆದ್ದರಿಂದ ಕೊಲೆಸ್ಟ್ರಾಲ್ ಸರಿಯಿದೆ ಎಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ.

ಪರಿಹಾರ ಕೈಯಲ್ಲೇ ಇದೆ. ವೈದ್ಯರ ಬಳಿ ಹೋದಾಗಲೆಲ್ಲ ಬಿಪಿ ನೋಡಿಸಿಕೊಳ್ಳುವುದು, ಕೊಲೆಸ್ಟ್ರಾಲ್, ಸಕ್ಕರೆ ಹಾಗೂ ಮೂತ್ರದ ಪರೀಕ್ಷೆಯನ್ನು ತಪ್ಪಿಸದಿರುವುದು, ಬೀಡಿ, ಸಿಗರೇಟು, ತಂಬಾಕಿನಿಂದ ದೂರವಿರುವುದು, ನಿತ್ಯ ನಡಿಗೆ ಮುಖ್ಯ. ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಲೂಪಸ್ ಚಿಕಿತ್ಸೆಯ ಬುನಾದಿ. ಕಣ್ಣಿನ ತಪಾಸಣೆ ಮಾಡಿಸುತ್ತಾ ಇದನ್ನು ಮುಂದುವರಿಸಬೇಕು. ಸ್ಟಿರಾಯ್ಡನ್ನು ಸಾಧ್ಯವಾದಷ್ಟು ಮಟ್ಟಿಗೆ ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆಗೆ ಇಳಿಸಬೇಕೆಂದು ಯುರೋಪಿನ ತಜ್ಞರ 2023ರ ಮಾರ್ಗಸೂಚಿ ಹೇಳುತ್ತದೆ. ಆದರೆ ಇಳಿಸುವವರು ವೈದ್ಯರೇ ಆಗಬೇಕು. ಗುಣವಾಯಿತೆಂದು ಊರಿಗೆ ಹೋದಾಗ ಮದ್ದು ಬಿಟ್ಟುಬಿಡುವುದು ಅಪಾಯ.

ಎದೆ ಬಿಗಿತ, ಏದುಸಿರು, ದವಡೆ ಅಥವಾ ಎಡಗೈ ನೋವು, ಕಾರಣವಿಲ್ಲದ ಬೆವರು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ ‘ಲೂಪಸ್ ಇದೆ’ ಎಂದು ಮೊದಲು ಹೇಳಬೇಕು. ಇಸಿಜಿ ಮಾಡಲು ಕೇಳಬೇಕು. ಮದ್ದಿನ ಚೀಟಿ ಸದಾ ಪರ್ಸಿನಲ್ಲಿರಲಿ.

ಕನ್ನಡ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ಬಿಪಿ, ಸಕ್ಕರೆ ನೋಡುವ ಹೊತ್ತಿನಲ್ಲಿ ಮಹಿಳೆಯರಿಗೆ ‘ಗಂಟುನೋವಿಗೆ, ಲೂಪಸ್‌ಗೆ ಮದ್ದು ತೆಗೆದುಕೊಳ್ಳುತ್ತಿದ್ದೀರಾ?’ ಎಂಬ ಒಂದು ಪ್ರಶ್ನೆ ಸೇರಿಸಿದರೂ ಸಾಕು. ಅದಕ್ಕೆ ಖರ್ಚಿಲ್ಲ, ಒಂದು ಜೀವ ಉಳಿದೀತು.