ಕಣ್ಣು ಕಿವಿಗಳೆರಡೂ ಕುಂದಿದಾಗ

ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ವೈದ್ಯಗ್ರಂಥಗಳನ್ನು ಸೇರಿದುದು 1957ರ ಮಂಗನ ಕಾಯಿಲೆಯಿಂದ. ಕಾಡಿನಲ್ಲಿ ಸತ್ತುಬಿದ್ದ ಮಂಗಗಳೇ ಆ ರೋಗದ ಸುಳಿವು ಕೊಟ್ಟುವು. ಸಾಮಾನ್ಯರ ಕಣ್ಣಿಗೆ ಬೀಳುವ ಇಂಥ ಸುಳಿವುಗಳು ವಿಜ್ಞಾನಕ್ಕೆ ಎಷ್ಟೋ ಬಾರಿ ದಾರಿ ತೋರಿವೆ. ಅಂಧಬಧಿರತೆಯ ಒಂದು ಮುಖ್ಯ ಕಾರಣ ತಿಳಿದುಬಂದುದೂ ಹೀಗೆಯೇ.

1941ರಲ್ಲಿ ಸಿಡ್ನಿ ನಗರದ ನೇತ್ರವೈದ್ಯ ನಾರ್ಮನ್ ಗ್ರೆಗ್ ಅವರ ಬಳಿಗೆ ಹುಟ್ಟಿನಿಂದಲೇ ಕಣ್ಣಿನ ಪೊರೆಯುಳ್ಳ ಶಿಶುಗಳು ಅಸಾಮಾನ್ಯ ಸಂಖ್ಯೆಯಲ್ಲಿ ಬರತೊಡಗಿದುವು. ಬಸಿರಿನಲ್ಲಿ ತಮಗೆ ರುಬೆಲ್ಲಾ ಬಂದಿದ್ದಿತೆಂದು ತಾಯಂದಿರು ತಮ್ಮತಮ್ಮೊಳಗೆ ಆಡಿಕೊಂಡ ಮಾತು ವೈದ್ಯರ ಕಿವಿಗೆ ಬಿದ್ದಿತಂತೆ. ವಿಚಾರಿಸಲಾಗಿ, 78 ಶಿಶುಗಳಲ್ಲಿ 68ರ ತಾಯಂದಿರಿಗೆ ಆ ರೋಗ ತಗುಲಿದ್ದುದು ತಿಳಿಯಿತು. ತಾಯಿಗೆ ಅಲ್ಪ ಜ್ವರ, ನಾಲ್ಕು ಗುಳ್ಳೆ. ಆದರೆ ಗರ್ಭದ ಮೊದಲ ಮೂರು ತಿಂಗಳಲ್ಲಿ ಅದೇ ವೈರಸ್ ಶಿಶುವಿನ ಕಣ್ಣು, ಕಿವಿ, ಹೃದಯಗಳನ್ನು ಕೆಡಿಸಬಲ್ಲದು. ಇದನ್ನು ತಡೆಯುವ ದಡಾರ-ರುಬೆಲ್ಲಾ ಲಸಿಕೆಯ ಆಂದೋಲನವು ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ಆರಂಭವಾಯಿತು. ಓದುಗರಲ್ಲಿ ಕೆಲವರು ಆಗ ಶಾಲೆಯಲ್ಲಿಯೇ ಈ ಸೂಜಿ ಚುಚ್ಚಿಸಿಕೊಂಡಿರಬಹುದು.

ಅಷರ್ ಲಕ್ಷಣಕೂಟವೆಂಬ ಆನುವಂಶಿಕ ಕಾರಣವೂ ಉಂಟು. ಇದರಲ್ಲಿ ಹುಟ್ಟುಕಿವುಡಿನ ಬಾಲಕನಿಗೆ ಮುಂದೆ ಇರುಳುಗುರುಡು ತೋರಿ, ನೋಟದ ಹರವು ಕಿರಿದಾಗುತ್ತ ಹೋಗುವುದು. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಬಂದರೆ ಮಾತ್ರ ಇದು ಪ್ರಕಟವಾಗುವುದರಿಂದ, ನಮ್ಮಲ್ಲಿ ರೂಢಿಯಲ್ಲಿರುವ ರಕ್ತಸಂಬಂಧದ ಮದುವೆಗಳಲ್ಲಿ ಇದರ ಸಂಭವ ಹೆಚ್ಚು.

ಅಂಧಬಧಿರರೆಲ್ಲರೂ ಪೂರ್ಣ ಕತ್ತಲೆಯಲ್ಲಿಯೂ ಪೂರ್ಣ ಮೌನದಲ್ಲಿಯೂ ಇರುವರೆಂದು ತಿಳಿಯಬಾರದು. ಹಲವರಿಗೆ ಅಷ್ಟಿಷ್ಟು ನೋಟವೋ ಶ್ರವಣವೋ ಉಳಿದಿರುವುದು. ಆದರೂ ಇದು ಎರಡು ನ್ಯೂನತೆಗಳ ಬರಿಯ ಮೊತ್ತವಲ್ಲ. ಕುರುಡನಿಗೆ ಕಿವಿ ಆಸರೆ, ಕಿವುಡನಿಗೆ ಕಣ್ಣು ಆಸರೆ. ಇಲ್ಲಿ ಆ ಆಸರೆಯೇ ಮುರಿದಿರುತ್ತದೆ. ತಾಯಿ ಕೋಣೆಯಿಂದ ಎದ್ದುಹೋದುದು ಕೂಡ ಇಂಥ ಮಗುವಿಗೆ ತಿಳಿಯದು. ಬೆಳಕಿಗೂ ಸದ್ದಿಗೂ ತಿರುಗದ ಇಂಥ ಮಗುವನ್ನು ಮಂದಬುದ್ಧಿಯೆಂದು ಮೂಲೆಯಲ್ಲಿ ಕೂರಿಸುವುದುಂಟು. ಇದಕ್ಕಿಂತ ದೊಡ್ಡ ಅನ್ಯಾಯವನ್ನು ನಾನು ಕಾಣೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಅಂಧಬಧಿರತೆಯನ್ನು ಬಹುವಿಧ ವೈಕಲ್ಯಗಳಲ್ಲಿ ಹೆಸರಿಸಿದೆ.

ಉಳಿಯುವ ಬಾಗಿಲು ಸ್ಪರ್ಶ. ಊಟಕ್ಕೆ ಮುನ್ನ ತಟ್ಟೆಯನ್ನು, ಸ್ನಾನಕ್ಕೆ ಮುನ್ನ ಚೊಂಬನ್ನು ದಿನವೂ ಕೈಗೆ ಕೊಡುತ್ತ ಬಂದರೆ ಮುಂದೇನೆಂಬುದನ್ನು ಮಗು ಊಹಿಸತೊಡಗುತ್ತದೆ. ಭಾಷೆಯ ಮೊದಲ ಮೆಟ್ಟಿಲು ಅದೇ. ಅಕ್ಷರ ಬಲ್ಲವರಿಗೆ ಅಂಗೈ ಮೇಲೆ ಬೆರಳಿನಿಂದ ಒಂದೊಂದೇ ಅಕ್ಷರ ಬರೆದು ಮಾತನಾಡಬಹುದು. ಇಂಥವರನ್ನು ಭೇಟಿಯಾದಾಗ ತಟ್ಟನೆ ತೋಳು ಹಿಡಿದೆಳೆಯಬಾರದು. ಅವರ ಕೈಯ ಹಿಂಬದಿಯನ್ನು ಮೃದುವಾಗಿ ಮುಟ್ಟಿ, ಅವರು ಕೈ ತಿರುಗಿಸಿ ನಿಮ್ಮ ಬೆರಳನ್ನು ಅರಸುವವರೆಗೆ ಕಾಯಬೇಕು.