ಕೆರೆಯ ಮೇಲೆ ತೇಲಿದ ರೇಡಿಯೋ

ಮಕ್ಕಳೇ, ಮನೆಯಲ್ಲಿ ಹಳೇ ರೇಡಿಯೋ ಇದ್ದರೆ ಅಜ್ಜನಿಗೆ ಹೇಳಿ ಹಚ್ಚಿಸಿ. ಎಫ್‌.ಎಂ.ನಲ್ಲಿ ಯಾವ ಸ್ಟೇಷನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿದರೆ ‘ಸುರ್ರ್’ ಎನ್ನುತ್ತದೆ. ಗದಗಿನ ನಮ್ಮ ಮನೆಯಲ್ಲಿ ಮೊಮ್ಮಗಳು ಅದನ್ನು ಕೇಳಿ, “ಅಜ್ಜಾ, ಕೆಟ್ಟೈತಿ” ಅಂದಳು. ಕೆಟ್ಟಿಲ್ಲ. ಆ ಸದ್ದಿನ ಬಲು ಸಣ್ಣ ಪಾಲು ಎಳೆಯ ವಿಶ್ವದ ಕಾವಿನದು. ಸುಮಾರು 1380 ಕೋಟಿ ವರ್ಷಗಳಿಂದ ಆರುತ್ತ ಬಂದರೂ ಅದು ಆಕಾಶದ ಎಲ್ಲ ದಿಕ್ಕಿನಿಂದ ಇನ್ನೂ ಬರುತ್ತಲೇ ಇದೆ.

ಬರುವ ದಾರಿಯಲ್ಲಿ ಅದು ಹೈಡ್ರೋಜನ್ ಅನಿಲವನ್ನು ಹಾಯ್ದಿದೆ. ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲಕ್ಕೆ ಆ ಅನಿಲ 21 ಸೆಂಟಿಮೀಟರಿನ, ಅಂದರೆ ಹೆಚ್ಚುಕಡಿಮೆ ಒಂದು ಗೇಣಿನ, ಅಲೆಗಳನ್ನು ಕೊಂಚ ಹೀರಿಕೊಂಡಿರಬೇಕು ಎಂಬುದು ವಿಜ್ಞಾನಿಗಳ ಲೆಕ್ಕ. ವಿಶ್ವ ಹಿಗ್ಗಿದಂತೆ ಅಲೆಯೂ ಹಿಗ್ಗಿ ಈಗ ಎರಡಾಳುದ್ದ ಆಗಿದೆ. 2018ರಲ್ಲಿ ಅಮೆರಿಕದ ‘ಎಡ್ಜಸ್’ ತಂಡ ಆಸ್ಟ್ರೇಲಿಯಾದ ಬಯಲಿನಲ್ಲಿ ಆಂಟೆನಾ ಇಟ್ಟು, 78 ಮೆಗಾಹರ್ಟ್ಸ್ ಬಳಿ ಆ ಕೊರತೆ ಸಿಕ್ಕಿತು ಎಂದಿತು. ಅದೂ ಎಣಿಸಿದ್ದರ ಎರಡು ಪಟ್ಟಿಗಿಂತ ಹೆಚ್ಚು! ನಿಜವಾದರೆ ಭೌತವಿಜ್ಞಾನದ ಪುಸ್ತಕವನ್ನೇ ತಿದ್ದಬೇಕಿತ್ತು.

ಅದನ್ನು ಪರೀಕ್ಷಿಸಲು ಹೊರಟವರು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು. ಉಪಕರಣದ ಹೆಸರು ‘ಸರಸ್ 3’. ತೊಡಕು ಇದ್ದದ್ದು ಆಕಾಶದಲ್ಲಷ್ಟೇ ಅಲ್ಲ, ಕಾಲ ಕೆಳಗೂ. ಶಿರಹಟ್ಟಿ, ಮುಂಡರಗಿ ಕಡೆ ಬಾವಿ ತೋಡಿದವರನ್ನು ಕೇಳಿ: ಮೇಲೆ ಮಣ್ಣು, ಕೆಳಗೆ ಗರಸು, ಅದರಡಿ ಬಂಡೆ; ಒಂದು ಕಡೆ ಹಸಿ, ಇನ್ನೊಂದು ಕಡೆ ಒಣ. ಈ ಪದರಗಳಿಗೆ ತಾಗಿ ಮರಳಿದ ರೇಡಿಯೋ ಅಲೆಗಳು ಆಂಟೆನಾಕ್ಕೆ ಸುಳ್ಳು ಸುದ್ದಿ ಹೇಳುತ್ತವೆ. ಆಳವಾದ ನೀರು ಹಾಗಲ್ಲ, ಒಂದೇ ಸಮ. ಅದಕ್ಕೇ ಆಂಟೆನಾವನ್ನು ತೆಪ್ಪದ ಮೇಲೆ ಕೂರಿಸಿ ನೀರಿಗೆ ಬಿಟ್ಟರು! ನನಗಂತೂ ಈ ಉಪಾಯ ಬಹಳ ಹಿಡಿಸಿತು. 2020ರ ಆರಂಭದಲ್ಲಿ ದಂಡಿಗಾನಹಳ್ಳಿ ಕೆರೆ ಮತ್ತು ಶರಾವತಿ ಹಿನ್ನೀರಿನ ಮೇಲೆ ಅದು ತೇಲಿತು. ಊರಿನ ಎಫ್‌.ಎಂ. ಗದ್ದಲದಿಂದಲೂ ಆದಷ್ಟು ದೂರ ಇರಬೇಕಿತ್ತು. ಹುಡುಕುತ್ತಿದ್ದ ಸದ್ದಿಗಿಂತ ನಮ್ಮ ಆಕಾಶಗಂಗೆಯ ಸದ್ದೇ ಸಾವಿರಾರು ಪಟ್ಟು ಜೋರು. ಅದರ ಜೊತೆಗೆ ಇದೂ ಸೇರಿದರೆ ಮುಗಿಯಿತು.

2022ರ ಫೆಬ್ರವರಿಯಲ್ಲಿ ಫಲಿತಾಂಶ ಬಂತು. ಎಡ್ಜಸ್ ಹೇಳಿದ ಕೊರತೆ ಕಾಣಲಿಲ್ಲ. ಅದು ಆಕಾಶದ್ದಲ್ಲ ಎಂದು ಶೇಕಡಾ 95.3ರಷ್ಟು ಭರವಸೆಯಿಂದ ಹೇಳಿದರು. ಮೊದಲ ನಕ್ಷತ್ರಗಳ ನಿಜವಾದ ಗುರುತು ಇನ್ನೂ ಸಿಗಬೇಕು. ಅದಕ್ಕಾಗಿ ಅದೇ ಸಂಸ್ಥೆ ‘ಪ್ರತುಷ್’ ಎಂಬ ಯೋಜನೆ ಹಾಕಿದೆ: ಭೂಮಿಯ ರೇಡಿಯೋ ಗದ್ದಲ ಮುಟ್ಟದ, ಚಂದ್ರನ ಬೆನ್ನಿನ ಕಡೆ ಸುತ್ತುತ್ತ ಕೇಳುವುದು.