ಐವಿಎಫ್ ಮಗು ‘ಯಾರದು’? ಕಾನೂನು ಉತ್ತರ ಕೊಟ್ಟಾಗಿದೆ, ಮನೆಯೊಳಗಿನ ಗುಟ್ಟು ಮುಗಿದಿಲ್ಲ

ಬೆಂಗಳೂರು: ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಫರ್ಟಿಲಿಟಿ ಸೆಂಟರ್‌ಗಳ ಬೋರ್ಡು ಈಗ ಯಾರಿಗೂ ಹೊಸತಲ್ಲ. ಆದರೆ ಒಳಗೆ ಹೋಗಿ ಬಂದವರು ಅದನ್ನು ಪಕ್ಕದ ಮನೆಯವರ ಹತ್ತಿರ ಹೇಳಿಕೊಳ್ಳೋದು ಇವತ್ತಿಗೂ ಅಪರೂಪ. ‘ಏನಮ್ಮಾ, ವಿಶೇಷ ಏನಾದ್ರೂ ಇದೆಯಾ?’ ಅನ್ನೋ ಪ್ರಶ್ನೆಗೆ ಉತ್ತರ ಕೊಟ್ಟು ಸಾಕಾದವರಿಗೆ ಇನ್ನೂ ಹತ್ತು ಪ್ರಶ್ನೆ ಬೇಡವಾಗಿರುತ್ತದೆ.

ಅಂಡಾಣು ಮತ್ತು ವೀರ್ಯಾಣುವನ್ನು ಲ್ಯಾಬಿನಲ್ಲಿ ಸೇರಿಸಿ, ಬೆಳೆದ ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವುದೇ ಐವಿಎಫ್. 1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಮಗು ಹುಟ್ಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ ಇನ್ನೊಂದು. ಒಂದು ಸಲದ ಚಿಕಿತ್ಸೆಗೆ ಲಕ್ಷದ ಮೇಲೆ ಖರ್ಚು, ಮೊದಲ ಸಲವೇ ನಿಲ್ಲುತ್ತದೆ ಅನ್ನೋ ಖಾತರಿಯೂ ಇಲ್ಲ. ಎರಡೂ ಆ ದಂಪತಿಯದೇ ಆಗಿದ್ದರೆ ಹೆಚ್ಚಿನ ಮನೆಗಳಲ್ಲಿ ತಕರಾರು ಏಳುವುದಿಲ್ಲ. ಕಷ್ಟ ಶುರುವಾಗುವುದು ದಾನಿ ಬೇಕಾದಾಗ.

ಕಂಟೋನ್ಮೆಂಟ್ ಭಾಗದಲ್ಲಿ ಈ ಕಷ್ಟ ಮನೆಗೊಂದು ಥರ. ಶಿವಾಜಿನಗರದಲ್ಲಿ ಪರದೆ ಪಾಲಿಸುವ ಹೆಣ್ಣುಮಕ್ಕಳಿಗೆಂದೇ ಘೋಷಾ ಆಸ್ಪತ್ರೆ ಕಟ್ಟಿದ್ದರು. ಅಂದರೆ ಇಲ್ಲಿ ವೈದ್ಯಕೀಯವೂ ಪದ್ಧತಿಯೂ ಹೊಂದಿಕೊಂಡದ್ದು ಹಳೇ ಕಥೆ. ಸುನ್ನಿ ವಿದ್ವಾಂಸರ ಸಾಮಾನ್ಯ ನಿಲುವು ಹೀಗಿದೆ: ಗಂಡ ಹೆಂಡತಿಯ ನಡುವೆ ಐವಿಎಫ್ ಆಗಬಹುದು, ಮೂರನೆಯವರ ಅಂಡಾಣು, ವೀರ್ಯಾಣು ಬೇಡ. ವಂಶದ ಹೆಸರು ಕಲಬೆರಕೆ ಆಗಬಾರದು ಅನ್ನೋದು ಕಾರಣ. ಕ್ಯಾಥೊಲಿಕ್ ಚರ್ಚ್ ಇನ್ನೂ ಬಿಗಿ. ದಾನಿ ಇಲ್ಲದಿದ್ದರೂ ಐವಿಎಫ್ ಸರಿಯಲ್ಲ ಎಂದು ವ್ಯಾಟಿಕನ್ 1987ರಲ್ಲೇ ಹೇಳಿದೆ. ಸೆಪ್ಟೆಂಬರ್ 8ರ ಸೇಂಟ್ ಮೇರಿ ಹಬ್ಬಕ್ಕೆ ಕಾವಿ ಉಟ್ಟು ಸಂತಾನದ ಹರಕೆ ಹೊತ್ತು ಬರುವವರ ಮುಂದೆ ಈ ಮಾತು ಎಷ್ಟು ಭಾರ ಎಂದು ಊಹಿಸಬಹುದು. ಹಿಂದೂ ಮನೆಗಳಲ್ಲಿ ಇಂಥ ಒಂದೇ ಆದೇಶ ಇಲ್ಲ, ಗೋತ್ರ–ಜಾತಿಯ ಲೆಕ್ಕ ಇದೆ. ‘ದಾನಿ ನಮ್ಮವರೇ ಆಗಿರ್ಬೇಕು’ ಅನ್ನೋ ಬೇಡಿಕೆ ಅಲ್ಲಿಂದ ಬರುತ್ತದೆ. ನಿಯೋಗದ ಕಥೆ ಇರುವ ಮಹಾಭಾರತವನ್ನು ಕೇಳಿ ಬೆಳೆದವರೇ ಹೀಗೆ ಕೇಳುವುದು ತಮಾಷೆ.

ಕಾನೂನಿಗೆ ಈ ಗೊಂದಲ ಇಲ್ಲ. 2021ರ ಎಆರ್‌ಟಿ ಕಾಯ್ದೆ ಪ್ರಕಾರ ಹುಟ್ಟಿದ ಮಗು ಆ ದಂಪತಿಯ ಸ್ವಂತ ಮಗುವೇ. ಆಸ್ತಿ ಸೇರಿ ಎಲ್ಲ ಹಕ್ಕು ಅದಕ್ಕಿದೆ. ದಾನಿಗೆ ಮಗುವಿನ ಮೇಲೆ ಹಕ್ಕಿಲ್ಲ. ಅಂಡಾಣು ದಾನಿಗೆ 23ರಿಂದ 35 ವರ್ಷ ವಯಸ್ಸಾಗಿರಬೇಕು. ಆಕೆ ಜೀವನದಲ್ಲಿ ಒಂದೇ ಸಲ ಕೊಡಬಹುದು, ತೆಗೆಯುವುದು ಏಳಕ್ಕಿಂತ ಹೆಚ್ಚು ಇರಬಾರದು. ಬಡ ಹೆಣ್ಣುಮಕ್ಕಳ ಮೈಯನ್ನು ಮತ್ತೆ ಮತ್ತೆ ಬಳಸಿಕೊಳ್ಳಬಾರದು ಅನ್ನೋದಕ್ಕೆ ಈ ನಿಯಮ. ಬಾಡಿಗೆ ತಾಯ್ತನ ಅನ್ನೋ ಹೆಸರು ಉಳಿದಿದೆ, ಆದರೆ ಬಾಡಿಗೆ ಕೊಡುವಂತಿಲ್ಲ. ಆಸ್ಪತ್ರೆ ಖರ್ಚು, ವಿಮೆ ಇಷ್ಟೇ.

ವಯಸ್ಸಿನ ಮಿತಿ ಮಾತ್ರ ಕೋರ್ಟ್ ಮೆಟ್ಟಿಲೇರಿದೆ. ಬೆಳೆದ ಮಗನನ್ನು ಕಳೆದುಕೊಂಡ ದಂಪತಿಯೊಂದು ಬಾಡಿಗೆ ತಾಯ್ತನಕ್ಕೆ ಮುಂದಾದಾಗ ಗಂಡನಿಗೆ 57. ಕಾಯ್ದೆಯ ಮಿತಿ 55. ಕರ್ನಾಟಕ ಹೈಕೋರ್ಟ್ 2023ರಲ್ಲಿ, ವಯಸ್ಸೊಂದನ್ನೇ ನೋಡದೆ ಆನುವಂಶಿಕ, ದೈಹಿಕ, ಆರ್ಥಿಕ ಹೀಗೆ ಮೂರು ಪರೀಕ್ಷೆ ಇಡಬೇಕು ಎಂದಿತು.

ಇಷ್ಟಾದರೂ ಮಗುವಿಗೆ ಹೇಳಬೇಕೋ ಬೇಡವೋ ಅನ್ನೋದು ಅಪ್ಪ ಅಮ್ಮನಿಗೇ ಬಿಟ್ಟದ್ದು. ಮೂಗು ಅಜ್ಜಿ ಥರ, ಕಣ್ಣು ಸೋದರಮಾವನ ಥರ ಎಂದು ನಾಮಕರಣದ ದಿನವೇ ನೆಂಟರು ಶುರು ಮಾಡುತ್ತಾರೆ. ಅಲ್ಲಿ ನಕ್ಕು ಸುಮ್ಮನಾಗಬಹುದು. ಆದರೆ ಇಪ್ಪತ್ತೈದು ವರ್ಷ ಕಳೆದ ಮೇಲೆ ಡಾಕ್ಟರ್ ಆ ಮಗುವನ್ನೇ ಕೂರಿಸಿಕೊಂಡು, ‘ಅಮ್ಮನ ಕಡೆ ಯಾರಿಗಾದ್ರೂ ಶುಗರ್, ಬ್ರೆಸ್ಟ್ ಕ್ಯಾನ್ಸರ್ ಇದೆಯಾ?’ ಎಂದು ಕೇಳುತ್ತಾರೆ. ದಾನಿಯ ವಿಷಯ ಗೊತ್ತಿಲ್ಲದ ಮಗಳು ತನಗೆ ಗೊತ್ತಿರುವ ಅಮ್ಮನ ಕಡೆಯದ್ದನ್ನೇ ಹೇಳುತ್ತಾಳೆ.